ಏಲಕ್ಕಿಯ ಕಟ್ಟೆ ರೋಗ: ಹಳ್ಳದ ಬದಿಯ ತೋಟದ ಹದಿನೆಂಟು ತಿಂಗಳ ದಾಖಲೆ

ನವೆಂಬರ್ 2023

ಸಕಲೇಶಪುರ ತಾಲ್ಲೂಕಿನ ನಮ್ಮ ಕಾಫಿ ತೋಟದ ಕೆಳಗೆ, ಹಳ್ಳದ ಬದಿಯಲ್ಲಿ ದೊಡ್ಡಪ್ಪನವರು ನೆಟ್ಟ ಏಲಕ್ಕಿಯಲ್ಲಿ ಈಗ ಉಳಿದಿರುವುದು 212 ಬುಡಗಳು. ರಜೆಯ ದಿನಗಳಲ್ಲಿ ಇವನ್ನು ಉಳಿಸಿಕೊಳ್ಳುವ ಕೆಲಸಕ್ಕೆ ಇಳಿದಿದ್ದೇನೆ. ಪ್ರತಿ ಬುಡಕ್ಕೂ ಸಂಖ್ಯೆ ಬರೆದ ತಗಡಿನ ಚೀಟಿಯನ್ನು ಕಟ್ಟಿ, ಒಂದು ನಕ್ಷೆಯನ್ನು ಬರೆದುಕೊಂಡು, ಮೊದಲ ಸುತ್ತನ್ನು ಮುಗಿಸಿದಾಗ 31 ಬುಡಗಳಲ್ಲಿ ಕಟ್ಟೆ ಎಂಬ ವೈರಸ್ ರೋಗ ಕಂಡಿತು. ಸಸ್ಯರೋಗದ ಇಂಗ್ಲಿಷ್ ಪುಸ್ತಕಗಳೂ ನಮ್ಮ ನಾಡಿನ ಈ ಹೆಸರನ್ನೇ ಬಳಸುತ್ತವೆ.

ಗುರುತಿಸುವುದಕ್ಕೆ ಕಂದಿನ, ಅಂದರೆ ಬುಡದಿಂದ ಎದ್ದ ಚಿಗುರುಕಾಂಡದ, ತುದಿಯ ಎಳೆಯ ಎಲೆಯನ್ನೇ ನೋಡಬೇಕು. ಅದನ್ನು ಬೆಳಕಿಗೆ ಹಿಡಿದರೆ ನಡುನರದಿಂದ ಅಂಚಿನ ಕಡೆಗೆ, ನರಗಳ ಜಾಡಿನಲ್ಲೇ, ತಿಳಿಹಸಿರು ಗೆರೆಗಳು ನಡುನಡುವೆ ತುಂಡಾಗಿ ಸಾಗಿರುವುದು ಕಾಣುತ್ತದೆ. ರೋಗ ಬಲಿತ ಮೇಲೆ ಕಾಂಡದ ಮೇಲೂ ಮಚ್ಚೆಗಳು ಮೂಡುತ್ತವೆ, ಹೊಸ ಕಂದುಗಳು ವರ್ಷದಿಂದ ವರ್ಷಕ್ಕೆ ಕುಳ್ಳಾಗುತ್ತವೆ, ಕಾಯಿಗೊಂಚಲೂ ಮೊಟಕಾಗುತ್ತದೆ. ಕಾಯಿ ಬಿಡುವ ಮೊದಲೇ ರೋಗ ತಗುಲಿದ ಗಿಡದಿಂದ ಫಸಲನ್ನು ನಿರೀಕ್ಷಿಸುವಂತಿಲ್ಲ.

31 ಬುಡಗಳನ್ನೂ ಗಡ್ಡೆಸಹಿತ ಅಗೆಸಿ ತೋಟದ ಹೊರಗೆ ಸಾಗಿಸಿದೆವು. ಅವುಗಳಲ್ಲಿ ಹಲವು ಇನ್ನೂ ಕಾಯಿ ಹೊತ್ತಿದ್ದವು. ಹಸಿರಾಗಿ ನಿಂತಿರುವ ಗಿಡಕ್ಕೆ ಗುದ್ದಲಿ ಹಾಕುವುದನ್ನು ನೋಡಿ ದೊಡ್ಡಪ್ಪನವರು, "ಈ ಕೊಯ್ಲು ಒಂದು ಮುಗಿಯಲಿ ಮಾರಾಯ" ಎಂದರು. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಕೊಯ್ಲಿನವರೆಗೆ ಕಾದರೆ ಆ ಗಿಡದಿಂದ ಸುತ್ತಲಿನ ಗಿಡಗಳಿಗೂ ರೋಗ ದಾಟುತ್ತದೆ.

ಮಾರ್ಚ್ 2024

ಎರಡನೆಯ ಸುತ್ತಿನಲ್ಲಿ 14 ಬುಡಗಳು ಹೋದವು. ಹಿಂದಿನ ಸುತ್ತು ಮುಗಿದೊಡನೆ ಬೇವಿನೆಣ್ಣೆಯನ್ನು ಸಿಂಪಡಿಸಿದ್ದರಿಂದ ಇಷ್ಟನ್ನು ನಾನು ನಿರೀಕ್ಷಿಸಿರಲಿಲ್ಲ, ಮತ್ತು ನನ್ನ ತಿಳಿವಳಿಕೆಯಲ್ಲಿದ್ದ ತಪ್ಪು ಇಲ್ಲಿಯೇ ಸ್ಪಷ್ಟವಾಯಿತು. ರೋಗವನ್ನು ಹರಡುವುದು ಒಂದು ಸಣ್ಣ ಸಸ್ಯಹೇನು ಎಂಬುದು 1945ರ ಹೊತ್ತಿಗೇ ಪ್ರಯೋಗದಿಂದ ಸಿದ್ಧವಾಗಿತ್ತು. ಅದು ಬಾಳೆಯ ಹೇನೇ ಎಂದು ಬಹುಕಾಲ ಎಣಿಸಿದ್ದರು. ಈಗ ಪೆಂಟಲೋನಿಯ ಕೆಲಾಡಿಯೈ ಎಂಬ ಬೇರೆ ಪ್ರಭೇದವೆಂದು ಗುರುತಿಸಿದ್ದಾರೆ. ರೋಗದ ಗಿಡದ ರಸವನ್ನು ಅಲ್ಪಕಾಲ ಹೀರಿದರೂ ವೈರಸ್ಸು ಹೇನಿನ ಬಾಯಿಗೆ ಅಂಟಿಕೊಳ್ಳುತ್ತದೆ, ಅದು ಮುಂದಿನ ಗಿಡಕ್ಕೆ ಬಾಯಿ ಹಾಕಿದೊಡನೆ ಅಲ್ಲಿಗೆ ದಾಟುತ್ತದೆ. ಔಷಧಿ ಹೇನನ್ನು ಕೊಲ್ಲುವಷ್ಟರಲ್ಲಿ ಆಗಬೇಕಾದ ಹಾನಿ ಆಗಿಹೋಗಿರುತ್ತದೆ. ಸಿಂಪಡಣೆಯಿಂದ ಹೇನಿನ ಸಂಖ್ಯೆ ತಗ್ಗಬಹುದು, ಆದರೆ ರೋಗದ ಮೂಲವನ್ನು ಕಿತ್ತು ಹಾಕದೆ ಅದೊಂದನ್ನೇ ನಂಬುವಂತಿಲ್ಲ.

ನವೆಂಬರಿನಿಂದ ಮೇವರೆಗೆ ಹೇನು ಹೆಚ್ಚು. ಒಣಗಿ ಸಡಿಲವಾದ ಎಲೆಪೊರೆಗಳ ಒಳಗೆ ಅವು ಗುಂಪಾಗಿ ಕುಳಿತಿರುತ್ತವೆ. ಆ ಪೊರೆಗಳನ್ನೆಲ್ಲ ಸುಲಿಸಿ, ಹಳ್ಳದ ಅಂಚಿನ ಕೆಸುವನ್ನು ಗಡ್ಡೆಸಹಿತ ತೆಗೆಸಿದ್ದೇನೆ, ಏಕೆಂದರೆ ಈ ಹೇನು ಕೆಸುವಿನ ಮೇಲೂ ಬದುಕುತ್ತದೆ. ಪತ್ರೊಡೆಗೆ ಬೇಕಾದ ಕೆಸು ಇನ್ನು ಮನೆಯ ಹಿತ್ತಲಿನಲ್ಲಿ ಮಾತ್ರ.

ಜೂನ್ 2024

ಮೇ ತಿಂಗಳ ಸುತ್ತಿನಲ್ಲಿ 9 ಬುಡಗಳನ್ನು ತೆಗೆದೆವು, ಉಳಿದವು 158. ಖಾಲಿ ಗುಂಡಿಗಳಿಗೆ ನೆಡಲು ಬಂಧುಗಳೊಬ್ಬರು ತಮ್ಮ ತೋಟದಿಂದ ಕಂದುಗಳನ್ನು ಕೊಡುತ್ತೇವೆಂದರು. ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಲು 20ರಿಂದ 114 ದಿನ ಹಿಡಿಯುತ್ತದೆ. ಅಂದರೆ ನೋಡುವುದಕ್ಕೆ ನಿರ್ಮಲವಾಗಿರುವ ಕಂದಿನ ಒಳಗೂ ವೈರಸ್ಸು ಇರಬಹುದು. ಒಂದು ಊರಿನಿಂದ ಇನ್ನೊಂದು ಊರಿಗೆ ಕಟ್ಟೆ ಹೆಚ್ಚಾಗಿ ಹೋಗುವುದು ಹೀಗೆ ಪ್ರೀತಿಯಿಂದ ಕೊಟ್ಟ ಗಡ್ಡೆಗಳ ಮೂಲಕವೇ ಎಂದು ನನಗನ್ನಿಸುತ್ತದೆ. ಬೀಜದಿಂದ ಈ ರೋಗ ಬರುವುದಿಲ್ಲ. ಅವರಿಗೆ ವಿಷಯವನ್ನು ತಿಳಿಸಿ, ಕಂದುಗಳ ಬದಲು ಹಣ್ಣಾದ ಕಾಯಿಗಳನ್ನು ಕೇಳಿ ಪಡೆಯುವುದೆಂದು ನಿಶ್ಚಯಿಸಿದೆ. ಅವುಗಳ ಬೀಜಕ್ಕೆ ಸಸಿಮಡಿಯನ್ನು ತೋಟದಿಂದ ದೂರ, ಮನೆಯ ಬಳಿ ಮಾಡಬೇಕು. ಈ ಮಳೆಗಾಲಕ್ಕೆ ಮಾತ್ರ ಮಡಿಕೇರಿ ಬಳಿಯ ಅಪ್ಪಂಗಳದ ಸಂಶೋಧನಾ ಕೇಂದ್ರದವರು ಕಟ್ಟೆ ನಿರೋಧಕವೆಂದು ಆಯ್ದು ಬಿಡುಗಡೆ ಮಾಡಿದ 'ವಿಜೇತ' ತಳಿಯ 40 ಗಿಡಗಳನ್ನು ತಂದು ನೆಟ್ಟಿದ್ದೇನೆ.

ಜನವರಿ 2025

ಹಳೆಯ ಬುಡಗಳಲ್ಲಿ 3ಕ್ಕೆ ಕಟ್ಟೆ. ವಿಜೇತದಲ್ಲಿ ಒಂದಕ್ಕೂ ಇಲ್ಲ. ಆದರೆ 86 ಮತ್ತು 87ನೆಯ ಬುಡಗಳಲ್ಲಿ ಎಲೆಯ ನರಗಳು ಬಿಳಿಚಿಕೊಂಡು, ಹೊಸ ಎಲೆಗಳು ಹಳೆಯ ಎಲೆಯ ಪೊರೆಯಲ್ಲಿ ಸಿಕ್ಕಿಕೊಂಡು, ಕಂದಿನ ತುದಿ ಕೊಕ್ಕೆಯಂತೆ ಬಾಗಿತ್ತು. ಇದು ಕೊಕ್ಕೆ ಕಂದು, ಕಟ್ಟೆಗಿಂತ ಬೇರೆಯದೇ ಆದ ವೈರಸ್ ರೋಗ, ಹರಡುವುದು ಮಾತ್ರ ಸಸ್ಯಹೇನಿನಿಂದಲೇ. ಎರಡನ್ನೂ ಅಂದೇ ಅಗೆಸಿದೆ.

ಏಪ್ರಿಲ್ 2025

ಈ ಸುತ್ತಿನಲ್ಲಿ ಸಿಕ್ಕವು 4, ನಾಲ್ಕೂ ಹಳ್ಳದ ಆಚೆಯ ಪಾಳು ತೋಟಕ್ಕೆ ಎದುರಾದ ಸಾಲಿನವು. ನಕ್ಷೆಯ ಮೇಲೆ ಗುರುತು ಹಾಕದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ. ಆ ತೋಟದಲ್ಲಿ ತಾನಾಗಿಯೇ ಬೆಳೆದ ಏಲಕ್ಕಿಯನ್ನು ತೆಗೆಯಲು ಮಾಲೀಕರ ಒಪ್ಪಿಗೆ ದೊರೆತಿದೆ. ಕೂಲಿ ನಮ್ಮದು, ಮಳೆ ಹಿಡಿಯುವ ಮೊದಲು ಮುಗಿಸಬೇಕು. 118ನೆಯ ಬುಡದ ಎಲೆಯಲ್ಲಿ ಒಂದೇ ಒಂದು ಮಸುಕು ಗೆರೆ ಇದೆ. ಅದಕ್ಕೆ ಕೆಂಪು ದಾರ ಕಟ್ಟಿ ಬಂದಿದ್ದೇನೆ. ಮುಂದಿನ ಎಲೆ ಬಿಚ್ಚಿಕೊಂಡೊಡನೆ ಮತ್ತೆ ನೋಡುತ್ತೇನೆ.