ನಮ್ಮದಲ್ಲದ ಗೋಡೆಗೆ ಹೊಡೆದ ಪಿನ್ನು

ಪೂರ್ವ ಲಂಡನ್ನಿನಲ್ಲಿ ನಾವು ಆರು ಜನ ಸೇರಿ ನಾಲ್ಕು ವರ್ಷ ಒಂದು ಚಿತ್ರಶಾಲೆ ನಡೆಸಿದೆವು. ನಾಲ್ಕು ವರ್ಷದಲ್ಲಿ ಐದು ಕಟ್ಟಡ ಬದಲಾದವು. ಯಾವುದಕ್ಕೂ ಬಾಡಿಗೆ ಕೊಟ್ಟಿರಲಿಲ್ಲ, ಯಾವುದಕ್ಕೂ ಮಾಲೀಕರ ಒಪ್ಪಿಗೆ ಇರಲಿಲ್ಲ. ಬೀಗ ಜಡಿದು ವರ್ಷಗಟ್ಟಲೆ ಖಾಲಿ ಬಿಟ್ಟ ಅಂಗಡಿ, ಗೋದಾಮು, ಮುದ್ರಣಾಲಯ ಇಂಥವನ್ನು ಹುಡುಕಿ ಒಳಹೊಕ್ಕು, ಕಸ ಗುಡಿಸಿ, ಸುಣ್ಣ ಬಳಿದು, ಬೀದಿಯವರಿಗೆಲ್ಲ ಬಾಗಿಲು ತೆಗೆದು ಕೂರುತ್ತಿದ್ದೆವು. ಅಲ್ಲಿ ಇದಕ್ಕೆ ಸ್ಕ್ವಾಟಿಂಗ್ ಅನ್ನುತ್ತಾರೆ. ಬೆಳಿಗ್ಗೆ ನಾನು ಫೋಟೋ ಫ್ರೇಮ್ ಕಟ್ಟುವ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದೆ. ಮಧ್ಯಾಹ್ನದಿಂದ ರಾತ್ರಿಯವರೆಗೆ ಚಿತ್ರಶಾಲೆ. ಸಂಬಳ ಬೆಳಗಿನ ಕೆಲಸದಿಂದ ಬರುತ್ತಿತ್ತು. ಆದರೂ ಯಾರಾದರೂ ನಿನ್ನ ಕೆಲಸ ಏನು ಅಂದರೆ ನಾನು ಹೇಳುತ್ತಿದ್ದದ್ದು ಮಧ್ಯಾಹ್ನದ್ದನ್ನೇ.

ಧಾರವಾಡದಿಂದ ಅವ್ವ ಫೋನಿನಲ್ಲಿ ಕೇಳುತ್ತಿದ್ದಳು: "ಮಂದಿ ಕಟ್ಟಡದಾಗ ಹೊಕ್ಕೊಂಡು ಕುಂತೀಯೇನ? ಪೊಲೀಸರು ಬರಂಗಿಲ್ಲೇನ?"

ಬರುತ್ತಿದ್ದರು. ಬಂದು ನೋಡಿ ಹೋಗುತ್ತಿದ್ದರು. ಇಂಗ್ಲೆಂಡಿನಲ್ಲಿ 2012ರ ಸೆಪ್ಟೆಂಬರ್ 1ರಿಂದ ವಾಸದ ಕಟ್ಟಡವನ್ನು ಹೀಗೆ ಹೊಕ್ಕು ಅಲ್ಲಿ ನೆಲೆಸುವುದು ಅಪರಾಧ, ಆರು ತಿಂಗಳವರೆಗೆ ಜೈಲು. ಅಂಗಡಿ, ಗೋದಾಮು, ಕಚೇರಿಗಳು ಆ ಕಾನೂನಿನ ಹೊರಗೆ ಉಳಿದವು. ಅದು ಮಾಲೀಕರಿಗೂ ಒಳಗಿದ್ದವರಿಗೂ ನಡುವಿನ ಸಿವಿಲ್ ವ್ಯಾಜ್ಯ. ಹಾಗಂತ ಏನು ಬೇಕಾದರೂ ಮಾಡಬಹುದು ಎಂದಲ್ಲ. ಬೀಗ ಒಡೆದರೆ, ಕಿಟಕಿ ಮುರಿದರೆ ಅದು ಬೇರೆಯೇ ಅಪರಾಧ. ಯಾರಿಗೂ ಹೇಳದೆ ಕರೆಂಟು ಬಳಸಿದರೆ ಅದೂ ಅಪರಾಧ. ಹಾಗಾಗಿ ಪ್ರತಿ ಕಟ್ಟಡದಲ್ಲೂ ಮೊದಲ ದಿನದ ಮೊದಲ ಕೆಲಸ ಮೀಟರಿನ ಫೋಟೋ ತೆಗೆದು, ವಿದ್ಯುತ್ ಕಂಪನಿಗೆ ಫೋನ್ ಮಾಡಿ ನಮ್ಮ ಹೆಸರಲ್ಲಿ ಖಾತೆ ತೆರೆಯುವುದು. ಒಮ್ಮೆ ಒಂದು ಒಳ್ಳೆಯ ಹಳೇ ಪಬ್ ಸಿಕ್ಕಿತ್ತು, ಎತ್ತರದ ಗೋಡೆ, ಉತ್ತರದ ಬೆಳಕು. ಮಹಡಿ ಹತ್ತಿ ನೋಡಿದರೆ ಎರಡು ಮಲಗುವ ಕೋಣೆ, ಒಂದು ಬಚ್ಚಲು. ಮೇಲೆ ಮನೆ ಇದೆ ಅಂದಮೇಲೆ ಅದು ನಮಗಲ್ಲ ಎಂದು ಅದೇ ಸಂಜೆ ಹೊರಬಂದೆವು.

ನಮ್ಮನ್ನು ಕಾಯುತ್ತಿದ್ದದ್ದು 1977ರ ಒಂದು ಕಾನೂನು. ಒಳಗೆ ಒಬ್ಬರಿದ್ದು ಬೇಡ ಎನ್ನುತ್ತಿರುವಾಗ ಹೊರಗಿನವರು ಬಲವಂತವಾಗಿ ನುಗ್ಗುವಂತಿಲ್ಲ. ಅದನ್ನೇ ಒಂದು ಹಾಳೆಯಲ್ಲಿ ಅಚ್ಚು ಹಾಕಿಸಿ ಬಾಗಿಲಿಗೆ ಅಂಟಿಸಿರುತ್ತಿದ್ದೆವು. ಆದರೆ ಒಳಗೆ ಯಾರೂ ಇಲ್ಲದ ಹೊತ್ತಿನಲ್ಲಿ ಆ ಹಾಳೆ ಬರೀ ಹಾಳೆ. ಅದಕ್ಕೇ ಸರದಿ. ಹಗಲು, ರಾತ್ರಿ, ಕ್ರಿಸ್‌ಮಸ್, ಜ್ವರ ಯಾವುದಿದ್ದರೂ ಒಬ್ಬರು ಒಳಗೆ ಇರಲೇಬೇಕು. ಗ್ಯಾಲರಿ ನಡೆಸುವುದು ಅಂದರೆ ಚಿತ್ರ ತೂಗುಹಾಕುವುದು ಅಂದುಕೊಂಡು ಬಂದವರಲ್ಲಿ ಅರ್ಧದಷ್ಟು ಜನ ಈ ಸರದಿಯಲ್ಲೇ ಸೋತು ಹೋದರು. ಅವರನ್ನು ನಾನು ದೂರುವುದಿಲ್ಲ. ಹೀಟರ್ ಇಲ್ಲದ ಜನವರಿಯ ರಾತ್ರಿ ಸಿಮೆಂಟ್ ನೆಲದ ಮೇಲೆ ಮಲಗುವುದು ಎಲ್ಲರಿಂದ ಆಗುವ ಮಾತಲ್ಲ.

ಮೂರನೆಯ ಕಟ್ಟಡ ಹಳೆಯ ಮುದ್ರಣಾಲಯ. ನೆಲಕ್ಕೆ ಇಳಿದಿದ್ದ ಮಸಿ ಎಷ್ಟು ತಿಕ್ಕಿದರೂ ಹೋಗಲಿಲ್ಲ, ಮಳೆ ಬಂದ ದಿನ ವಾಸನೆ ಏಳುತ್ತಿತ್ತು. ನಾಲ್ಕೂವರೆ ತಿಂಗಳು ಅಲ್ಲಿದ್ದೆವು, ನಮ್ಮ ಮಟ್ಟಿಗೆ ಅದು ದೀರ್ಘಾಯುಷ್ಯ. ಹಿಂದಿನ ಕೋಣೆಯಲ್ಲಿ ಸ್ಕ್ರೀನ್ ಪ್ರಿಂಟಿಂಗ್, ಮುಂದೆ ಗ್ಯಾಲರಿ. ಆ ಓಣಿಯಲ್ಲಿ ವಾಸಿಸುವವರ ಕೃತಿಗಳೇ ಗೋಡೆಯ ಮೇಲಿರಬೇಕು ಎಂದು ಮೊದಲೇ ತೀರ್ಮಾನಿಸಿದ್ದೆವು. ಶಾಲೆ ಬಿಟ್ಟ ಹುಡುಗರ ಫೋಟೋಗಳು, ಬಸ್ ಚಾಲಕರೊಬ್ಬರ ಜಲವರ್ಣ, ಹೀಗೆ ಬರುತ್ತಾ ಹೋದವು.

ಒಂದು ಗುರುವಾರ ಎದುರಿನ ಫ್ಲ್ಯಾಟಿನ ಹಿರಿಯಾಕೆಯೊಬ್ಬರು ಮೊಮ್ಮಗಳ ಕೈ ಹಿಡಿದು ಬಂದರು. ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು. ಚೀಲದಿಂದ ಬಿಳಿ ಬಟ್ಟೆ ಸುತ್ತಿದ್ದ ಒಂದು ನಕ್ಷಿ ಕಾಂತಾ, ಅಂದರೆ ಬಂಗಾಳದ ಕಸೂತಿ ಹೊದಿಕೆ, ತೆಗೆದು ಮೇಜಿನ ಮೇಲೆ ಬಿಡಿಸಿದರು. ಅವರ ತಾಯಿ ಹೊಲಿದದ್ದು. ಮೆತ್ತಗಾದ ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಸೀರೆಯ ಅಂಚಿನಿಂದಲೇ ಕೆಂಪು, ನೀಲಿ ಎಳೆ ಬಿಡಿಸಿಕೊಂಡು ಹಾಕಿದ ಸಣ್ಣ ಸಣ್ಣ ಹೊಲಿಗೆ. ನಡುವೆ ತಾವರೆ, ಅದರ ಸುತ್ತ ಮೀನು. ಒಂದು ಮೂಲೆಯಲ್ಲಿ ಹೊಲಿಗೆ ದೊಡ್ಡದಾಗಿ, ವಾರೆಯಾಗಿ ಹೋಗಿತ್ತು. ಕಣ್ಣು ಮಂಜಾದ ಮೇಲೆ ಹಾಕಿದ್ದು ಅಂತ ಮೊಮ್ಮಗಳು ಹೇಳಿದಳು. ನನಗೆ ನಮ್ಮಜ್ಜಿಯ ಕೌದಿ ಕಣ್ಮುಂದೆ ಬಂತು. ಇಳಕಲ್ ಸೀರೆಯ ತುಂಡು, ಅಜ್ಜನ ಧೋತರ, ನಮ್ಮ ಲಂಗ, ಎಲ್ಲವೂ ಸೇರಿದ ಅದೇ ಓಟದ ಹೊಲಿಗೆ. ಮುಟ್ಟಿದರೆ ಬೆರಳಿಗೆ ಸಿಗುವ ಅದೇ ಏರಿಳಿತ.

ಅದನ್ನು ಎಲ್ಲರಿಗೂ ಕಾಣುವಂತೆ ಎತ್ತರದಲ್ಲಿ ಹಾಕಬೇಕು ಅನ್ನಿಸಿತು. ನಾನೇ ಏಣಿ ಹತ್ತಿದೆ. ಹಿಂಬದಿಗೆ ಒಂದು ದಪ್ಪ ಬಟ್ಟೆಪಟ್ಟಿ ಹೊಲಿದು, ಆ ಪಟ್ಟಿಯನ್ನು ಮರದ ರೀಪಿಗೆ ಸ್ಟೇಪಲ್ ಗನ್ನಿನಿಂದ ಪಿನ್ನು ಹೊಡೆದು ಭದ್ರ ಮಾಡಿದೆ. ಫ್ರೇಮ್ ಅಂಗಡಿಯಲ್ಲಿ ಕಲಿತ ಅಚ್ಚುಕಟ್ಟು ಕೆಲಸ, ಎರಡು ಇಂಚಿಗೊಂದು ಪಿನ್ನು. ಏಣಿಯನ್ನು ನೆಲಮಾಳಿಗೆಗೆ ಒಯ್ದಿಟ್ಟೆ.

ಕೋರ್ಟಿನ ಕಾಗದ ಬಂದದ್ದು ಆರು ವಾರದ ಮೇಲೆ. ಪಾರದರ್ಶಕ ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ ಬಾಗಿಲಿಗೆ ಅಂಟಿಸಿದ್ದರು. ಪ್ರತಿವಾದಿಗಳ ಜಾಗದಲ್ಲಿ "ಅಪರಿಚಿತ ವ್ಯಕ್ತಿಗಳು" ಎಂದಿತ್ತು. ವಿಚಾರಣೆಗೆ ಹೋದೆವು, ಸೋತೆವು. ಸೋಲುತ್ತೇವೆ ಅನ್ನುವುದು ಗೊತ್ತೇ ಇತ್ತು. ಹಿಂದಿನ ಎರಡು ಸಲ ಕೌಂಟಿ ಕೋರ್ಟಿನ ಅಮೀನರು ಯಾವ ದಿನ ಬರುತ್ತೇವೆಂದು ಮೊದಲೇ ತಿಳಿಸಿ ಬಂದಿದ್ದರು. ಈ ಸಲವೂ ಹಾಗೇ ಅಂದುಕೊಂಡೆವು. ಆದರೆ ಮಾಲೀಕರು ಆದೇಶದ ಜಾರಿಯನ್ನು ಹೈಕೋರ್ಟಿಗೆ ವರ್ಗಾಯಿಸಿದ್ದರು, ಆ ದಾರಿಯಲ್ಲಿ ನಮ್ಮಂಥವರಿಗೆ ಮುನ್ಸೂಚನೆ ಕೊಡಬೇಕಾದ ಅಗತ್ಯವಿಲ್ಲ. ಅದು ನಮಗೆ ಗೊತ್ತಿರಬೇಕಿತ್ತು.

ಬೆಳಿಗ್ಗೆ ಆರಕ್ಕೆ ಬಂದರು. ಒಳಗೆ ನಾವು ಮೂವರು. ಹದಿನೈದು ನಿಮಿಷ ಅಂದರು. ನಿದ್ದೆಗಣ್ಣಿನಲ್ಲಿ ಕೈಗೆ ಸಿಕ್ಕಿದ್ದನ್ನು ಹೊತ್ತೆವು: ಲ್ಯಾಪ್‌ಟಾಪು, ಸ್ಕ್ರೀನುಗಳು, ಸ್ಪೀಕರು, ಫೋಟೋಗಳು. ಅಂದರೆ ಮೊದಲು ನಮ್ಮ ಸಾಮಾನು. ಕಾಂತಾದ ನೆನಪಾದಾಗ ನಾನು ಬೀದಿಯಲ್ಲಿ ನಿಂತಿದ್ದೆ. ಏಣಿ ನೆಲಮಾಳಿಗೆಯಲ್ಲಿತ್ತು. ಕೇಳಿದೆ, ಬೇಡಿಕೊಂಡೆ, ಒಳಗೆ ಬಿಡಲಿಲ್ಲ.

ಹೊರಹಾಕಿದವರ ಸಾಮಾನನ್ನು ಒಂದಿಷ್ಟು ಕಾಲ ಕಾಯ್ದಿಟ್ಟು ಹಿಂದಿರುಗಿಸಬೇಕು ಎಂಬ ಕಾನೂನಿದೆ. ಅದೇ ದಿನ ಮಾಲೀಕರ ವಕೀಲರಿಗೆ ಬರೆದೆವು. ಪಟ್ಟಿ ಕಳಿಸಿ ಎಂದು ಉತ್ತರ ಬಂತು. ಏನೇನು ವಸ್ತು, ಯಾರದು, ಫೋಟೋ ಇದೆಯೇ. ನಮ್ಮ ಹತ್ತಿರ ಪಟ್ಟಿಯೇ ಇರಲಿಲ್ಲ. ನೆನಪಿನಿಂದ ಬರೆದು, ಒಬ್ಬೊಬ್ಬರನ್ನೇ ಕೇಳಿ ಸೇರಿಸಿ, ಫೋಟೋ ಹುಡುಕಿ ಕಳಿಸುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ನಮ್ಮನ್ನು ಒಳಗೆ ಬಿಟ್ಟಾಗ ರೀಪು ಗೋಡೆಯ ಮೇಲೇ ಇತ್ತು. ಪಿನ್ನುಗಳ ಕೆಳಗೆ ನಾನು ಹೊಲಿದ ಪಟ್ಟಿಯ ಚೂರುಗಳು ನೇತಾಡುತ್ತಿದ್ದವು. ಎಳೆದು ಹರಿದು ಕಸದ ಲಾರಿಗೆ ಹಾಕಿದ್ದರು.

ಆಕೆಗೆ ಹೇಳಲು ನಾನೊಬ್ಬಳೇ ಹೋದೆ. ಅವರು ಅಳಲಿಲ್ಲ, ಬೈಯಲಿಲ್ಲ. ಚಹಾ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಮೊಮ್ಮಗಳ ಮೂಲಕ ಒಂದೇ ಮಾತು ಕೇಳಿದರು: "ಇಳಿಸಲು ಎಷ್ಟು ಹೊತ್ತು ಬೇಕಿತ್ತು?" ಅರ್ಧ ಗಂಟೆ ಅಂದೆ. ನಿಜ ಅಷ್ಟೇ ಇತ್ತು.

ಆ ಅರ್ಧ ಗಂಟೆಯಿಂದ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮುಂದಿನ ಕಟ್ಟಡದಲ್ಲಿ ಮೊದಲು ಕೊಂಡದ್ದು ಒಂದು ದಪ್ಪ ರಟ್ಟಿನ ಲೆಕ್ಕದ ಪುಸ್ತಕ. ಒಳಗೆ ಬಂದ ಪ್ರತಿ ಕೃತಿಗೂ ಒಂದು ಸಂಖ್ಯೆ, ಕೊಟ್ಟವರ ಸಹಿ, ಫೋಟೋ, ಯಾವ ಗೋಡೆ. ಪ್ರತಿ ರಾತ್ರಿ ಆ ಪುಟಗಳ ಚಿತ್ರ ಕಟ್ಟಡದ ಹೊರಗಿರುವ ಇಬ್ಬರ ಫೋನಿಗೆ ಹೋಗಬೇಕು. ಗೋಡೆಗೆ ಪಿನ್ನು ಹೊಡೆಯುವುದನ್ನು ಪೂರ್ತಿ ಬಿಟ್ಟೆವು. ಕೊಕ್ಕೆ, ಕ್ಲಿಪ್ಪು, ಬಟ್ಟೆಯಾದರೆ ವೆಲ್ಕ್ರೋ ಪಟ್ಟಿ. ಕೈಯೆತ್ತಿದರೆ ಎಟುಕದ ಜಾಗದಲ್ಲಿ ಏನನ್ನೂ ಹಾಕುವಂತಿಲ್ಲ. ಒಂದು ನಿಮಿಷದಲ್ಲಿ ಇಳಿಯದ್ದು ಗೋಡೆ ಏರುವಂತಿಲ್ಲ. ಬಾಗಿಲ ಪಕ್ಕ ಯಾವಾಗಲೂ ಮಡಚಿದ ಹಾಸಿಗೆ ಹೊದಿಕೆಗಳು, ಖಾಲಿ ಪೆಟ್ಟಿಗೆಗಳು. ಓಣಿಯವರದ್ದು ಮೊದಲು, ನಮ್ಮದು ಕೊನೆಗೆ. ಕೃತಿ ಕೊಡಲು ಬಂದವರಿಗೆ ಚಹಾ ಕೊಡುವ ಮೊದಲೇ ಹೇಳುತ್ತಿದ್ದೆವು: ಈ ಜಾಗ ನಮ್ಮದಲ್ಲ, ಯಾವ ಬೆಳಿಗ್ಗೆಯಾದರೂ ಹೊರಗೆ ಹಾಕಬಹುದು. ಕೆಲವರು ವಾಪಸು ಒಯ್ದರು. ಒಯ್ಯಲಿ ಎಂದೇ ಹೇಳುತ್ತಿದ್ದದ್ದು.

ಇಂಥ ಜಾಗ ನಡೆಸಿದ ಬೇರೆಯವರ ಕಥೆಗಳನ್ನು ಹುಡುಕಿ ಓದಿದ್ದು ಆಗಲೇ. ನ್ಯೂಯಾರ್ಕಿನಲ್ಲಿ 1980ರ ಜನವರಿ 1ರಂದು ಕಲಾವಿದರು ನಗರಾಡಳಿತದ ಖಾಲಿ ಕಟ್ಟಡವೊಂದನ್ನು ಹೊಕ್ಕು ಪ್ರದರ್ಶನ ತೆರೆದಾಗ, ಮರುದಿನವೇ ಅಧಿಕಾರಿಗಳು ಕೃತಿಗಳನ್ನು ಒಳಗಿಟ್ಟೇ ಬೀಗ ಹಾಕಿದರು, ಆಮೇಲೆ ಎಲ್ಲವನ್ನೂ ಗೋದಾಮಿಗೆ ಸಾಗಿಸಿದರು. ಆ ಜಗಳದಿಂದಲೇ ರಿವಿಂಗ್ಟನ್ ಬೀದಿಯಲ್ಲಿ ಎಬಿಸಿ ನೋ ರಿಯೋ ಎಂಬ ಕಲಾಕೇಂದ್ರ ಹುಟ್ಟಿತು. ಪ್ಯಾರಿಸ್ಸಿನ 59 ರಿವೋಲಿಗೆ ನಾನೇ ಹೋಗಿ ಬಂದೆ. 1999ರ ನವೆಂಬರ್ 1ರಂದು ಹೊಕ್ಕ ಕಟ್ಟಡವದು. ನಗರಾಡಳಿತ ಕೊಂಡು, ರಿಪೇರಿ ಮಾಡಿಸಿ, 2009ರಲ್ಲಿ ಮತ್ತೆ ತೆರೆದು ಕಲಾವಿದರಿಗೇ ಬಿಟ್ಟಿದೆ. ಅಕ್ರಮ ಸಕ್ರಮವಾದ ಮನೆ. ಆರು ಮಹಡಿ ಹತ್ತಿ ಇಳಿದೆ, ಗೋಡೆಗಳಿಗೆ ಎಷ್ಟು ನಿಶ್ಚಿಂತೆಯಿಂದ ಮೊಳೆ ಹೊಡೆದಿದ್ದಾರೆ ಅಂತ ನೋಡುತ್ತಾ ನಿಂತೆ. ನಮ್ಮ ಯಾವ ಕಟ್ಟಡಕ್ಕೂ ಆ ಭಾಗ್ಯ ಬರಲಿಲ್ಲ.

ನಾಲ್ಕನೆಯದರಿಂದ ಹೊರಹಾಕಿದಾಗಲೂ ಬಂದದ್ದು ಬೆಳಗಿನ ಜಾವ, ಕೊಟ್ಟದ್ದು ಇಪ್ಪತ್ತು ನಿಮಿಷ. ಪುಸ್ತಕದಲ್ಲಿ ಮೂವತ್ತೆಂಟು ಕೃತಿಗಳಿದ್ದವು. ಮೂವತ್ತೆಂಟೂ ಪಾದಚಾರಿ ಕಟ್ಟೆಯ ಮೇಲೆ ಬಂದವು, ನಮ್ಮ ಸ್ಟವ್ ಒಳಗೇ ಉಳಿಯಿತು.

ಐದನೆಯ ಕಟ್ಟಡಕ್ಕೆ ಆ ಹಿರಿಯಾಕೆ ಬಂದರು. ಬರುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ತಾವೇ ಹೊಲಿದ ಒಂದು ದಿಂಬಿನ ಹೊದಿಕೆ ತಂದಿದ್ದರು. ಕೊಡುವ ಮೊದಲು ಗೋಡೆ ನೋಡಬೇಕು ಅಂದರು. ಕೊಕ್ಕೆಯನ್ನು ಬೆರಳಲ್ಲಿ ಅಲುಗಾಡಿಸಿದರು. ನಾನು ಹೊದಿಕೆಯನ್ನು ತೂಗುಹಾಕಿದ ಮೇಲೆ ತಾವೇ ಅದನ್ನು ಇಳಿಸಿ, ಮಡಚಿ, ಕಂಕುಳಲ್ಲಿ ಇಟ್ಟುಕೊಂಡು ಬಾಗಿಲವರೆಗೆ ನಡೆದರು. ಅಲ್ಲಿಂದ ವಾಪಸು ಬಂದು ನನ್ನ ಕೈಗೆ ಕೊಟ್ಟು, ಪುಸ್ತಕದಲ್ಲಿ ಹದಿನೇಳನೇ ಸಂಖ್ಯೆಯ ಎದುರು ಬಂಗಾಳಿ ಅಕ್ಷರದಲ್ಲಿ ಸಹಿ ಹಾಕಿದರು.