ಎಲೆಕ್ಟಿವ್ ಫಾರಂ ಕೊಡುವ ಮುಂಚಿನ ಶನಿವಾರ

ಸೋಮವಾರ ಸಂಜೆಯೊಳಗೆ ಆರನೇ ಸೆಮಿಸ್ಟರಿನ ಎಲೆಕ್ಟಿವ್ ಫಾರಂ, ಅಂದರೆ ತಾವೇ ಆರಿಸಿಕೊಳ್ಳುವ ವಿಷಯ ಯಾವುದೆಂದು ಬರೆದ ಫಾರಂ ಕೊಡಬೇಕಿತ್ತು. ಹಿಂದಿನ ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಮಂಡ್ಯದ ಒಂದು ಕಾಲೇಜಿನ ಲ್ಯಾಬಿನಲ್ಲಿ ಕಂಪ್ಯೂಟರ್ ಸೈನ್ಸಿನ ಹತ್ತೊಂಬತ್ತು ಮಂದಿ ಸೇರಿದ್ದರು. ಪಾಂಡವಪುರದ ಕಡೆಯಿಂದ ಮಗಳನ್ನು ಬೈಕಿನಲ್ಲಿ ಕರೆತಂದಿದ್ದ ರೈತರೊಬ್ಬರು ಬಾಗಿಲಲ್ಲೇ ನಿಂತು ಕೇಳಿದರು: "ಮೇಷ್ಟ್ರೇ, ಯಾವ್ದು ತಗಂಡ್ರೆ ಕೆಲ್ಸ ಸಿಕ್ತದೆ, ಅದೊಂದ್ ಮಾತು ಹೇಳ್ಬುಡಿ."

ನ್ಯಾಯವಾದ ಪ್ರಶ್ನೆ. ಆದರೆ ಹೊಸಬರ ಸಂದರ್ಶನದಲ್ಲಿ ಹೆಚ್ಚಾಗಿ ಕೇಳುವುದು ಡೇಟಾ ಸ್ಟ್ರಕ್ಚರ್, ಆಪರೇಟಿಂಗ್ ಸಿಸ್ಟಂ, ಡೇಟಾಬೇಸ್, ನೆಟ್‌ವರ್ಕ್. ಇವು ಎಲ್ಲರಿಗೂ ಕಡ್ಡಾಯ ವಿಷಯಗಳೇ. ಎಲೆಕ್ಟಿವ್ ತೂಕಕ್ಕೆ ಬರುವುದು ಅದರಲ್ಲಿ ಮಾಡಿದ ಪ್ರಾಜೆಕ್ಟನ್ನು ಒಳಹೊಕ್ಕು ವಿವರಿಸಬಲ್ಲವರಿಗೆ. ವಾರಗಟ್ಟಲೆ ಕೂತು ಮಾಡಿದವರಿಗೆ ಮಾತ್ರ ಹಾಗೆ ವಿವರಿಸಲು ಬರುತ್ತದೆ. ಹಾಗಾಗಿ ಆ ದಿನ ಸಿಲಬಸ್ ಓದಿ ಹೇಳದೆ, ಒಂದೊಂದು ಕ್ಷೇತ್ರದ ದಿನನಿತ್ಯದ ಕೆಲಸ ಹೇಗಿರುತ್ತದೆ ಎಂದು ತೋರಿಸಲು ಸಣ್ಣ ಸಣ್ಣ ಲೆಕ್ಕ ಕೊಟ್ಟಿದ್ದೆವು. ಪ್ರತಿಯೊಂದಕ್ಕೂ ಐವತ್ತು ನಿಮಿಷ. ಮುಗಿಸಿದರೋ ಇಲ್ಲವೋ ಮುಖ್ಯವಲ್ಲ. ಕೆಟ್ಟಾಗ ಏನು ಮಾಡಿದರು ಎಂಬುದನ್ನು ಎರಡು ಸಾಲಿನಲ್ಲಿ ಬರೆದಿಡಬೇಕು.

ಮೊದಲನೆಯದು ಸಿಸ್ಟಮ್ಸ್. ಸಿ ಭಾಷೆಯಲ್ಲಿ ಒಂದು ಗ್ಲೋಬಲ್ ಕೌಂಟರ್, ಎರಡು ಥ್ರೆಡ್ (ಒಂದೇ ಪ್ರೋಗ್ರಾಂನಲ್ಲಿ ಒಟ್ಟಿಗೆ ಓಡುವ ಕೆಲಸದ ಎಳೆಗಳು). ಒಂದೊಂದು ಥ್ರೆಡ್ಡೂ ಹತ್ತು ಲಕ್ಷ ಸಲ ಕೌಂಟರಿಗೆ ಒಂದು ಕೂಡಬೇಕು. ಉತ್ತರ 20 ಲಕ್ಷ ಬರಬಾರದು, ಕಡಿಮೆ ಬರಬೇಕು, ಯಾಕೆಂದು ಕಂಡುಹಿಡಿಯಿರಿ ಎಂದಿದ್ದೆವು. ಮೊದಲ ಸಾಲಿನ ಹುಡುಗನಿಗೆ ಸರಿಯಾಗಿ 20,00,000 ಬಂತು. ಮತ್ತೆ ಓಡಿಸಿದ, ಅದೇ. "ಸಾರ್, ಸರಿಯಾಗೇ ಬರ್ತಾ ಅದಲ್ಲ!"

ಅವನು ಓ2 ಆಪ್ಟಿಮೈಸೇಶನ್, ಅಂದರೆ ಪ್ರೋಗ್ರಾಂ ವೇಗವಾಗಿ ಓಡುವಂತೆ ಕಂಪೈಲರೇ ತಿದ್ದುವ ಆಯ್ಕೆ, ಹಾಕಿ ಕಂಪೈಲ್ ಮಾಡಿದ್ದ. ಹತ್ತು ಲಕ್ಷ ಸಲ ಸುತ್ತುವ ಲೂಪನ್ನು ಜಿಸಿಸಿ ಕಂಪೈಲರ್ ಪೂರ್ತಿ ತೆಗೆದು, ಹತ್ತು ಲಕ್ಷವನ್ನು ಒಂದೇ ಏಟಿಗೆ ಕೂಡುವಂತೆ ಬದಲಿಸಿತ್ತು. ಎರಡು ಥ್ರೆಡ್‌ಗಳು ಒಂದಕ್ಕೊಂದು ಡಿಕ್ಕಿ ಹೊಡೆಯಲು ಸಮಯವೇ ಇರಲಿಲ್ಲ. ತಪ್ಪು ಅಲ್ಲೇ ಇತ್ತು, ಕಾಣುತ್ತಿರಲಿಲ್ಲ, ಅಷ್ಟೆ. ಆ ತಿದ್ದುವಿಕೆ ಬೇಡ ಎನ್ನುವ ಓ0 ಹಾಕಿದ ಕೂಡಲೇ ಉತ್ತರ 20 ಲಕ್ಷಕ್ಕಿಂತ ಕೆಳಗೆ ಬಿತ್ತು, ಓಡಿಸಿದಾಗಲೆಲ್ಲ ಬೇರೆ ಬೇರೆ ಸಂಖ್ಯೆ. ಅಸೆಂಬ್ಲಿ, ಅಂದರೆ ಪ್ರೊಸೆಸರಿಗೆ ಹೋಗುವ ಆದೇಶಗಳನ್ನು ತೆಗೆದು ನೋಡಿದರೆ "ಒಂದು ಕೂಡು" ಎನ್ನುವ ಒಂದು ಸಾಲು ಮೂರಾಗಿರುತ್ತದೆ: ಮೆಮೊರಿಯಿಂದ ರಿಜಿಸ್ಟರಿಗೆ ತರುವುದು, ಕೂಡುವುದು, ವಾಪಸ್ ಬರೆಯುವುದು. ಹಾಲಿನ ಡೈರಿಯಲ್ಲಿ ಒಂದೇ ಪುಸ್ತಕದಲ್ಲಿ ಇಬ್ಬರು ಲೆಕ್ಕ ಬರೆಯುತ್ತಾರೆ ಎಂದುಕೊಳ್ಳಿ. ಇಬ್ಬರೂ 40 ಎಂದು ಓದಿಕೊಂಡರು, ಇಬ್ಬರೂ ಒಂದೊಂದು ಲೀಟರ್ ಸೇರಿಸಿದರು, ಇಬ್ಬರೂ 41 ಎಂದೇ ಬರೆದರು. ಹಾಲು ಎರಡು ಲೀಟರ್ ಬಂದಿದೆ, ಪುಸ್ತಕದಲ್ಲಿ ಒಂದೇ.

ಒಂದು ಸಲಕ್ಕೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಮ್ಯೂಟೆಕ್ಸ್ ಬೀಗ ಹಾಕಿದರೆ ಉತ್ತರ ಸರಿಯಾಗುತ್ತದೆ. ಆದರೆ ಬೀಗವನ್ನು ಲೂಪಿನ ಒಳಗೆ ಹಾಕಿದವರು 20 ಲಕ್ಷ ಸಲ ಹಾಕಿ ತೆಗೆಯಬೇಕಾಯಿತು, ಪ್ರೋಗ್ರಾಂ ತೆವಳಿತು. ಒಂದೊಂದು ಥ್ರೆಡ್ಡೂ ತನ್ನದೇ ಲೆಕ್ಕ ಇಟ್ಟುಕೊಂಡು ಕೊನೆಗೊಮ್ಮೆ ಬೀಗ ಹಾಕಿ ಸೇರಿಸಿದರೆ ಎರಡೇ ಬೀಗದಲ್ಲಿ ಕೆಲಸ ಮುಗಿಯಿತು. ಆ ಹುಡುಗ ಕಾಫಿಗೂ ಏಳಲಿಲ್ಲ. ಥ್ರೆಡ್ ಸ್ಯಾನಿಟೈಸರ್ ಆಯ್ಕೆ ಹಾಕಿ, ಯಾವ ಸಾಲಿನಲ್ಲಿ ಡೇಟಾ ರೇಸ್ (ಹೀಗೆ ಒಂದೇ ಲೆಕ್ಕಕ್ಕೆ ಇಬ್ಬರು ಒಟ್ಟಿಗೆ ಕೈ ಹಾಕುವುದು) ಇದೆ ಎಂದು ಅದು ಬೆರಳಿಟ್ಟು ತೋರಿಸುವುದನ್ನೇ ನೋಡುತ್ತಾ ಕೂತಿದ್ದ. ಪಕ್ಕದವನ ಚೀಟಿಯಲ್ಲಿ "ತಲೆ ಕೆಟ್ಟೋಯ್ತು" ಎಂದಿತ್ತು. ಎರಡೂ ಉಪಯುಕ್ತ ಉತ್ತರಗಳೇ. ಸಿಸ್ಟಮ್ಸ್‌ನಲ್ಲಿ ವರ್ಷವೆಲ್ಲ ಇದೇ ಕೆಲಸ: ಒಮ್ಮೆ ಕಂಡು ಇನ್ನೊಮ್ಮೆ ಮಾಯವಾಗುವ ತಪ್ಪಿನ ಹಿಂದೆ ಹೋಗುವುದು.

ಹತ್ತೊಂಬತ್ತರಲ್ಲಿ ಹದಿಮೂರು ಮಂದಿ ಬರುವಾಗಲೇ ಮಷೀನ್ ಲರ್ನಿಂಗ್, ಅಂದರೆ ಉದಾಹರಣೆ ನೋಡಿ ತಾನೇ ಕಲಿಯುವ ಪ್ರೋಗ್ರಾಂ (ಮಾಡೆಲ್) ಮಾಡುವ ವಿಷಯ ಎಂದು ನಿರ್ಧರಿಸಿದ್ದರು. ಅವರ ಆಸೆ ತಪ್ಪಲ್ಲ. ಆದರೆ ಆ ಕೆಲಸದ ಬಹುಪಾಲು ಡೇಟಾ ಹಸನು ಮಾಡುವುದು ಎಂದು ಮೊದಲೇ ತಿಳಿದಿರಬೇಕು. ಕಬ್ಬಿನ ಎಲೆಯ ಫೋಟೋ ನೋಡಿ ರೋಗ ಹೇಳುವ ಲೆಕ್ಕ ಕೊಟ್ಟಿದ್ದೆವು. 500 ಫೋಟೋ, ಅದರಲ್ಲಿ 450 ಆರೋಗ್ಯವಾದ ಎಲೆ, 50 ರೋಗದ್ದು. ಕಣ್ಣು ಮುಚ್ಚಿ ಎಲ್ಲಕ್ಕೂ "ಚೆನ್ನಾಗಿದೆ" ಎನ್ನುವ ಮಾಡೆಲ್ಲಿಗೂ ಶೇ. 90 ಅಂಕ ಬರುತ್ತದೆ, ಹಿಡಿದ ರೋಗ ಸೊನ್ನೆ. ಹಾಗಾಗಿ ನೋಡಬೇಕಾದ್ದು 50 ರೋಗದ ಎಲೆಗಳಲ್ಲಿ ಎಷ್ಟು ಹಿಡಿಯಿತು ಎಂಬ ಲೆಕ್ಕ, ಅಂದರೆ ರೀಕಾಲ್.

ಇದಕ್ಕಿಂತ ಸೂಕ್ಷ್ಮವಾದ ತಪ್ಪು ಇನ್ನೊಂದಿತ್ತು. ಒಂದೊಂದು ಗಿಡದಿಂದ ಹತ್ತು ಫೋಟೋ ತೆಗೆದಿದ್ದರು. ಫೋಟೋಗಳನ್ನು ಕಲಸಿ ತರಬೇತಿಗೆ, ಪರೀಕ್ಷೆಗೆ ಎಂದು ಪಾಲು ಮಾಡಿದರೆ ಒಂದೇ ಗಿಡ ಎರಡೂ ಕಡೆ ಬರುತ್ತದೆ. ಮಾಡೆಲ್ ರೋಗದ ಬದಲು ಹಿಂದೆ ಕಾಣುವ ಮಣ್ಣು, ಬಿಸಿಲು, ಬದುವಿನ ಹುಲ್ಲನ್ನು ಗುರುತಿಟ್ಟುಕೊಂಡುಬಿಡುತ್ತದೆ. ಪಾಲು ಮಾಡಬೇಕಾದ್ದು ಗಿಡದ ಲೆಕ್ಕದಲ್ಲಿ, ಸಾಧ್ಯವಾದರೆ ಗದ್ದೆಯ ಲೆಕ್ಕದಲ್ಲಿ. ಹಾಗೆ ಮಾಡಿದಾಗ ಅಂಕ ಇಳಿಯಿತು, ಕೆಲವರ ಮುಖವೂ ಇಳಿಯಿತು. ಇಳಿದ ಅಂಕವೇ ನಿಜವಾದದ್ದು.

ಕೆಂಪು ಕೊಳೆ ರೋಗದ ಫೋಟೋ ಯಾಕಿಲ್ಲ ಎಂದು ಒಬ್ಬಳು ಕೇಳಿದಳು. ಕಬ್ಬು ಬೆಳೆಯುವ ಮನೆಯ ಮಗಳಾದ್ದರಿಂದ ಈ ಪ್ರಶ್ನೆ ಬಂತು. ಆ ರೋಗವನ್ನು ಖಚಿತವಾಗಿ ಹೇಳಲು ಜಲ್ಲೆಯನ್ನು ಉದ್ದಕ್ಕೆ ಸೀಳಬೇಕು. ಒಳಗೆ ಕೆಂಪು, ನಡುನಡುವೆ ಅಡ್ಡಡ್ಡ ಬಿಳಿ ಪಟ್ಟೆ, ಹುಳಿ ಹೆಂಡದಂಥ ವಾಸನೆ. ಎಲೆಯ ಫೋಟೋ ಎಷ್ಟು ಸಾವಿರ ಕೊಟ್ಟರೂ ಇದನ್ನು ಹೇಳಿಕೊಡಲಾರದು. ಯಾವ ಫೋಟೋಗೆ ಯಾವ ಹೆಸರು ಎಂದು ಬರೆದುಕೊಡಲು ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ತಜ್ಞರಂಥವರು ಬೇಕು. ಈ ಕ್ಷೇತ್ರ ಆರಿಸುವವರು ಲ್ಯಾಬ್ ಬಿಟ್ಟು ಗದ್ದೆಗೆ, ಆಸ್ಪತ್ರೆಗೆ, ಕಾರ್ಖಾನೆಗೆ ಹೋಗಲು ತಯಾರಿರಬೇಕು.

ಮೆಮೊರಿಯ ಲೆಕ್ಕವನ್ನೂ ಕೈಯಲ್ಲೇ ಹಾಕಿಸಿದೆವು, ಫಾರಂ ತುಂಬುವ ಮುನ್ನ ಇದು ಗೊತ್ತಿರಲಿ ಎಂದು. ಹತ್ತು ಕೋಟಿ ಪ್ಯಾರಾಮೀಟರಿನ (ಕಲಿತು ಇಟ್ಟುಕೊಳ್ಳುವ ಸಂಖ್ಯೆಗಳ) ಮಾಡೆಲ್, ಒಂದಕ್ಕೆ 4 ಬೈಟ್ ಎಂದರೆ 400 ಎಂಬಿ. ಬಳಸಲು ಅಷ್ಟು ಸಾಕು. ಆಡಂ ಎಂಬ ಪದ್ಧತಿಯಲ್ಲಿ ತರಬೇತಿ ಕೊಡಲು ಒಂದೊಂದು ಸಂಖ್ಯೆಗೂ ಎತ್ತ ತಿದ್ದಬೇಕೆನ್ನುವ ಗ್ರೇಡಿಯಂಟ್ ಒಂದು, ಅದರ ಸರಾಸರಿಗಳು ಎರಡು ಸೇರಿ ನಾಲ್ಕು ಪಟ್ಟು, 1.6 ಜಿಬಿ. ಅದರ ಮೇಲೆ ನಡುವಿನ ಪದರಗಳ ಲೆಕ್ಕ ಬೇರೆ, ಅದು ಬ್ಯಾಚ್, ಅಂದರೆ ಒಂದು ಸಲಕ್ಕೆ ಕೊಡುವ ಫೋಟೋಗಳ ಗುಂಪು, ದೊಡ್ಡದಾದಷ್ಟೂ ಬೆಳೆಯುತ್ತದೆ. ಮೆಮೊರಿ ಸಾಲದು ಎಂದು ನಿಂತಾಗ ಮೊದಲು ಬ್ಯಾಚನ್ನು 32ರಿಂದ 8ಕ್ಕೆ ಇಳಿಸಿ ನೋಡುವುದು ಇದಕ್ಕೇ. ಕಾಲೇಜಿನಲ್ಲಿ ಇಂಥ ತರಬೇತಿಗೆ ಬೇಕಾಗುವ ವೇಗದ ಪ್ರೊಸೆಸರ್, ಜಿಪಿಯು, ಇದೆಯೇ, ಇದ್ದರೆ ವಿದ್ಯಾರ್ಥಿಗಳಿಗೆ ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಎಂದು ವಿಚಾರಿಸಿಯೇ ಈ ವಿಷಯ ಬರೆಯಿರಿ.

ಸೈಬರ್ ಸೆಕ್ಯುರಿಟಿ ಎಂದರೆ ಕಪ್ಪು ಪರದೆ, ಹಸಿರು ಅಕ್ಷರ ಎಂದುಕೊಂಡು ಬಂದಿದ್ದವರು ಮೂವರು. ನಮ್ಮದೇ ಯಂತ್ರದಲ್ಲಿ ಹಾಕಿಟ್ಟ ಲಾಗಿನ್ ಪುಟವನ್ನು ಎಸ್‌ಕ್ಯೂಎಲ್ ಇಂಜೆಕ್ಷನ್‌ನಿಂದ (ಹೆಸರು ತುಂಬುವ ಜಾಗದಲ್ಲಿ ಡೇಟಾಬೇಸಿನ ಆದೇಶ ತೂರಿಸಿ) ಮುರಿಯಲು ಹತ್ತೇ ನಿಮಿಷ ಸಾಕಾಯಿತು. ಉಳಿದ ನಲವತ್ತು ನಿಮಿಷ ಯಂತ್ರ ಬರೆದಿಟ್ಟ ದಾಖಲೆ, ಅಂದರೆ ಲಾಗ್, ಓದಿ ಯಾವಾಗ, ಎಲ್ಲಿಂದ, ಏನಾಯಿತು ಎಂದು ವರದಿ ಬರೆಯಬೇಕು. ಕೆಲಸಕ್ಕೆ ಸೇರಿದ ಮೇಲೂ ಹೆಚ್ಚು ಹೊತ್ತು ಹಿಡಿಯುವುದು ಈ ವರದಿಯೇ. ಬೇರೆಯವರ ವ್ಯವಸ್ಥೆಯ ಮೇಲೆ ಅನುಮತಿಯಿಲ್ಲದೆ ಇದನ್ನು ಪ್ರಯೋಗಿಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43 ಮತ್ತು 66ನೇ ಸೆಕ್ಷನ್ ಇದೆ. 66ರ ಅಡಿ ಮೂರು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ಕಲಿಯಲು ಹೊರಟ ದಿನವೇ ತಿಳಿದಿರಲಿ.

ಡೇಟಾಬೇಸ್‌ಗೆ ಹೆಚ್ಚು ಹೊತ್ತು ಉಳಿಯಲಿಲ್ಲ. ಹತ್ತು ಲಕ್ಷ ಹೆಸರಿನ ಟೇಬಲ್ಲಿಗೆ ಇಂಡೆಕ್ಸ್ ಹಾಕಿಯೂ "ಗೌಡ" ಎಂದು ಮುಗಿಯುವ ಹೆಸರು ಹುಡುಕಲು ಅದು ಇಡೀ ಟೇಬಲ್ ತಡಕಿತು. ಇಂಡೆಕ್ಸ್ ನಿಘಂಟಿನ ಹಾಗೆ ಮೊದಲಕ್ಷರದಿಂದ ಜೋಡಿಸಿದ್ದು, ಕೊನೆಯಕ್ಷರ ಹಿಡಿದು ಹೋದರೆ ದಾರಿಯಿಲ್ಲ. ಹೆಸರನ್ನು ತಿರುಗಿಸಿ ಇನ್ನೊಂದು ಕಾಲಂನಲ್ಲಿಟ್ಟು ಅದಕ್ಕೆ ಇಂಡೆಕ್ಸ್ ಹಾಕಿದರೆ ದಾರಿ ಸಿಗುತ್ತದೆ. ಆದರೆ ಮಂಡ್ಯ ಸೀಮೆಯ ಪಟ್ಟಿಯಲ್ಲಿ ಅಷ್ಟೊಂದು ಗೌಡರಿದ್ದರೆ ಇಂಡೆಕ್ಸಿನಿಂದ ಲಾಭವೇ ಕಮ್ಮಿ.

ಮುಂದೆ ಎಂ.ಟೆಕ್ ಯೋಚನೆ ಇರುವವರಿಗೆ ಒಂದು ಮಾತು. ಎಂ.ಟೆಕ್ ಪ್ರವೇಶಕ್ಕೆ ಬರೆಯುವ ಗೇಟ್ ಪರೀಕ್ಷೆಯಲ್ಲಿ 2024ರಿಂದ ಡೇಟಾ ಸೈನ್ಸ್ ಮತ್ತು ಎಐಗೆ ಬೇರೆಯೇ ಪತ್ರಿಕೆ ಇದೆ. ಕಂಪ್ಯೂಟರ್ ಸೈನ್ಸ್ ಪತ್ರಿಕೆ ಬರೆಯುವವರು ಥಿಯರಿ ಆಫ್ ಕಂಪ್ಯೂಟೇಶನ್, ಕಂಪೈಲರ್ ಎರಡನ್ನೂ ಬಿಡುವಂತಿಲ್ಲ. ಕಾಗದ ಪೆನ್ನು ಹಿಡಿದು ಕೂರುವ ಈ ವಿಷಯಗಳನ್ನು ಒಣ ಎಂದು ತಳ್ಳಿದವರು ಕೊನೆಯ ವರ್ಷ ಅವಕ್ಕೇ ವಾಪಸ್ ಬರುವುದನ್ನು ಕಂಡಿದ್ದೇವೆ.

ಕೊನೆಯ ಲೆಕ್ಕ ಕನ್ನಡದ್ದು. "ಮೈಸೂರು" ಎಂಬ ಪದದ ಉದ್ದ ಎಷ್ಟು? ಕಣ್ಣಿಗೆ ಮೂರು ಅಕ್ಷರ. ಪೈಥಾನ್ ಆರು ಎಂದಿತು: ಮ, ಐತ್ವ, ಸ, ಊತ್ವ, ರ, ಉತ್ವ. ಸಿ ಭಾಷೆ 18 ಎಂದಿತು, ಅಕ್ಷರಗಳನ್ನು ಬೈಟುಗಳಾಗಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಮೂರೂ ಸರಿಯೇ, ಕೇಳಿದ ಪ್ರಶ್ನೆ ಬೇರೆ ಬೇರೆ. ಇದರ ಜೊತೆಗೆ ಐತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಕೆಳಗಿನ ಐತ್ವದ ಬಾಲ ಎಂದು ಎರಡಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಹೋಲಿಸಿದರೆ ಯಂತ್ರ ಬೇರೆ ಎನ್ನುತ್ತದೆ. ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು, ಅದಕ್ಕೆ ಪೈಥಾನಿನಲ್ಲಿ ನಾರ್ಮಲೈಸ್ ಎಂಬ ಸಿದ್ಧ ಫಂಕ್ಷನ್ ಇದೆ. ಪದದ ನಡುವೆ ಕಾಣದೆ ಕೂರುವ ಜೋಡಣೆ ತಡೆಯುವ ಸಂಕೇತವನ್ನು ಅದು ತೆಗೆಯುವುದಿಲ್ಲ, ಕೈಯಾರೆ ನೋಡಿಕೊಳ್ಳಬೇಕು. ಹಳೆಯ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳದ್ದು ಇನ್ನೊಂದು ಕಥೆ, ಅವನ್ನು ಮೊದಲು ಎಲ್ಲ ಯಂತ್ರಗಳೂ ಒಪ್ಪುವ ಯೂನಿಕೋಡ್ ಸಂಕೇತಕ್ಕೆ ತಿರುಗಿಸದೆ ಏನೂ ನಡೆಯದು. ಕನ್ನಡ ಓದಬಲ್ಲ ಪ್ರೋಗ್ರಾಮರ್ ಬೇಕಾದ ಕೆಲಸ ಇದು. ಭಾಷೆಯ ಕಡೆಯಿಂದ ಕೇಳಿ ತಿಳಿಯಲು ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರ ಸಂಸ್ಥಾನವೇ ಇದೆ.

ನಾಲ್ಕೂವರೆಗೆ ಆ ತಂದೆ ಗೊಬ್ಬರದ ಚೀಲ ಬೈಕಿಗೆ ಕಟ್ಟಿಕೊಂಡು ಬಂದರು. ಮಗಳು ಇನ್ನೂ ಕಂಪ್ಯೂಟರ್ ಬಿಟ್ಟು ಎದ್ದಿರಲಿಲ್ಲ. ಚೀಟಿಯಲ್ಲಿ ಮೊದಲ ಆಯ್ಕೆ ನ್ಯಾಚುರಲ್ ಲ್ಯಾಂಗ್ವೇಜ್ ಪ್ರೊಸೆಸಿಂಗ್ (ಜನರ ಭಾಷೆಯನ್ನು ಯಂತ್ರದಲ್ಲಿ ನಿಭಾಯಿಸುವ ವಿಷಯ), ಸಾಕಷ್ಟು ಮಂದಿ ಸೇರದೆ ಅದು ನಡೆಯದಿದ್ದರೆ ಎರಡನೆಯದು ಡೇಟಾಬೇಸ್ ಎಂದು ಬರೆದಿದ್ದಳು. ಅವರು ಬಗ್ಗಿ ಪರದೆ ನೋಡಿದರು.

"ಎರಡೂ ಮೈಸೂರೇ ಅಲ್ವೇನವ್ವ?"

"ಅಲ್ಲ ಕಣಪ್ಪ. ಇದ್ರಲ್ಲಿ ಆರವೆ, ಅದ್ರಲ್ಲಿ ಏಳವೆ. ತಡಿ, ತೋರುಸ್ತೀನಿ."

ಅವರು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತರು.