ಸಭಾಪಾಲಕರೊಬ್ಬರು ಹತ್ಯೆಯ ಸಂಚಿಗೆ ಕೈಜೋಡಿಸಬಹುದೇ?

ಡೀಟ್ರಿಖ್ ಬೋನ್‌ಹೋಫರ್ ಅವರ ಮಾತು ಬಂದಾಗಲೆಲ್ಲ ನನಗೆ ಎದುರಾಗುವ ಪ್ರಶ್ನೆ ಒಂದೇ: ಹಿಟ್ಲರನನ್ನು ಕೊಲ್ಲಲು ಹೊಂಚುಹಾಕಿದವರ ಜೊತೆ ಸೇರಿದ ಜರ್ಮನಿಯ ಈ ಲೂಥರನ್ (ಪ್ರೊಟೆಸ್ಟೆಂಟ್) ಸಭಾಪಾಲಕರ, ಅಂದರೆ ಪಾದ್ರಿಯ, ನಡೆಯನ್ನು ಕ್ರೈಸ್ತ ದೇವಶಾಸ್ತ್ರ ಸರಿಯೆಂದು ಒಪ್ಪುತ್ತದೆಯೇ? ಅವರೇ ಅದನ್ನು ನಿರ್ದೋಷವೆಂದು ಹೇಳಿಕೊಳ್ಳಲಿಲ್ಲ ಎಂಬುದು ನನ್ನ ಉತ್ತರ; ಕೇಳಿದವರಿಗೆ ಇದರಿಂದ ಸಮಾಧಾನವಾಗುವುದು ಅಪರೂಪ.

1933ರಲ್ಲಿ ಹಿಟ್ಲರ್ ಅಧಿಕಾರಕ್ಕೇರಿದಾಗ, ‘ಜರ್ಮನ್ ಕ್ರೈಸ್ತರು’ ಎಂಬ ಪಂಗಡದವರು ಆ ಘಟನೆಯಲ್ಲಿಯೇ ದೇವರ ಹಸ್ತವನ್ನು ಕಂಡರು. ಇತಿಹಾಸದಲ್ಲಿ ಗೆದ್ದುದನ್ನು ದೈವಸಂಕಲ್ಪವೆಂದು ಓದುವ ಈ ರೀತಿಯನ್ನು ಆ ಪಂಗಡವನ್ನು ವಿರೋಧಿಸಿದ ಜರ್ಮನ್ ಪ್ರೊಟೆಸ್ಟೆಂಟರು ಹೊರಡಿಸಿದ 1934ರ ಬಾರ್ಮನ್ ಘೋಷಣೆ ತಳ್ಳಿಹಾಕಿತು: ಸಭೆ, ಅಂದರೆ ಚರ್ಚು, ಕಿವಿಗೊಡಬೇಕಾದ ದೇವರ ವಾಕ್ಯ ಯೇಸು ಕ್ರಿಸ್ತನೊಬ್ಬನೇ, ಬೇರಾವ ಘಟನೆಯನ್ನೂ ಶಕ್ತಿಯನ್ನೂ ದೇವರ ಪ್ರಕಟಣೆಯೆಂದು ಸಾರುವಂತಿಲ್ಲ. ಬೋನ್‌ಹೋಫರ್ ಈ ಘೋಷಣೆಯ ಪಕ್ಷದವರೇ. ಆದರೆ ಇತಿಹಾಸವನ್ನು ಪೂಜಿಸದಿರುವುದೆಂದರೆ ಅದರಿಂದ ಕೈತೊಳೆದುಕೊಳ್ಳುವುದು ಎಂದು ಅವರು ತಿಳಿಯಲಿಲ್ಲ. 1939ರಲ್ಲಿ ನ್ಯೂಯಾರ್ಕಿನಲ್ಲಿ ಸುರಕ್ಷಿತವಾಗಿದ್ದವರು, ತನ್ನ ಜನರ ಸಂಕಟದಲ್ಲಿ ಪಾಲುಗೊಳ್ಳದಿದ್ದರೆ ಯುದ್ಧಾನಂತರದ ಪುನರ್ನಿರ್ಮಾಣದಲ್ಲಿ ತನಗೆ ಹಕ್ಕಿರದೆಂದು ಅಮೆರಿಕದ ದೇವಶಾಸ್ತ್ರಜ್ಞ ರೈನ್‌ಹೋಲ್ಡ್ ನೀಬರ್ ಅವರಿಗೆ ಬರೆದು ಹಿಂದಿರುಗಿದರು.

ಅವರ ಸಾವಿನ ನಂತರ 1949ರಲ್ಲಿ ಪ್ರಕಟವಾದ ನೀತಿಶಾಸ್ತ್ರದ ಅಪೂರ್ಣ ಗ್ರಂಥದಲ್ಲಿ ಮನಸ್ಸಾಕ್ಷಿಯ ವಿಚಾರ ಬರುತ್ತದೆ. ಗೆಳೆಯನನ್ನು ಅಟ್ಟಿಸಿಕೊಂಡು ಬಂದ ಕೊಲೆಗಾರ ಬಾಗಿಲಲ್ಲಿ ನಿಂತು, ಅವನು ಒಳಗಿದ್ದಾನೆಯೇ ಎಂದು ಕೇಳಿದರೂ ಸುಳ್ಳಾಡಬಾರದೆಂದು ಜರ್ಮನ್ ತತ್ತ್ವಜ್ಞಾನಿ ಕಾಂಟ್ ವಾದಿಸಿದ್ದರು. ಹೀಗೆ ತನ್ನ ನಿಷ್ಕಳಂಕತೆಯನ್ನೇ ಕಾಯ್ದುಕೊಳ್ಳುವ ಮನಸ್ಸಾಕ್ಷಿ ನೆರೆಯವನನ್ನು ಬಲಿಗೊಡುತ್ತದೆ ಎಂಬುದು ಬೋನ್‌ಹೋಫರ್ ಅವರ ಆಕ್ಷೇಪ. ಪಾಪವಿಲ್ಲದ ಕ್ರಿಸ್ತನು ಅನ್ಯರ ಪಾಪವನ್ನು ಹೊತ್ತುದರಿಂದ, ಆತನಲ್ಲಿ ಬಿಡುಗಡೆ ಪಡೆದ ಮನಸ್ಸಾಕ್ಷಿಯೂ ಇನ್ನೊಬ್ಬನಿಗಾಗಿ ದೋಷವನ್ನು ಹೊರಲು ಹಿಂಜರಿಯದು. ಹಾಗೆ ಹೊತ್ತವನು ಸಮರ್ಥನೆಯನ್ನು ಹುಡುಕದೆ ದೇವರ ಕೃಪೆಯೊಂದನ್ನೇ ನೆಚ್ಚಬೇಕು.

ಇದು ಅಪಾಯಕಾರಿ ವಿಚಾರವೆಂಬುದನ್ನು ನಾನು ಅಲ್ಲಗಳೆಯಲಾರೆ, ಏಕೆಂದರೆ ಯಾವ ಮತಾಂಧನೂ ಇದೇ ಮಾತನ್ನು ಬಳಸಬಲ್ಲ. ಆದರೆ ಇದನ್ನು ಬರೆದವರು ಹಿಂಸೆಗೆ ಹಾತೊರೆದವರಲ್ಲ. ಅಹಿಂಸಾತ್ಮಕ ಪ್ರತಿರೋಧವನ್ನು ಕಲಿಯಲು ಭಾರತಕ್ಕೆ ಬರಬಯಸಿದ್ದ ಅವರಿಗೆ 1934ರಲ್ಲಿ ಗಾಂಧೀಜಿಯವರಿಂದಲೇ ಆಹ್ವಾನ ಬಂದಿತ್ತು, ಪ್ರಯಾಣ ಮಾತ್ರ ಕೈಗೂಡಲಿಲ್ಲ. ಸಂಚಿನಲ್ಲಿಯೂ ಅವರ ಪಾತ್ರ ಮುಖ್ಯವಾಗಿ ಹೊರದೇಶಗಳ ಚರ್ಚುಗಳೊಡನೆ ಸಂಪರ್ಕ ಸಾಧಿಸುವುದಾಗಿತ್ತು; 1942ರಲ್ಲಿ ಸ್ವೀಡನ್ನಿನಲ್ಲಿ ಇಂಗ್ಲೆಂಡಿನ ಬಿಷಪ್ ಜಾರ್ಜ್ ಬೆಲ್ ಅವರನ್ನು ಭೇಟಿಯಾದದ್ದು ಅದರ ಭಾಗವೇ.

ಹಾಗಾದರೆ ನಾವೂ ಹಾಗೆ ಮಾಡಬಹುದೇ ಎಂದು ಕೆಲವರು ಮುಂದುವರಿಸುತ್ತಾರೆ. ಕಟ್ಟಕಡೆಯ ಅನಿವಾರ್ಯತೆಯಲ್ಲಿ ಕೈಗೊಂಡ ಕೃತ್ಯವನ್ನು ಮತ್ತೆ ನಿಯಮವನ್ನಾಗಿ ಮಾಡುವಂತಿಲ್ಲವೆಂದು ಅದೇ ಗ್ರಂಥ ಹೇಳುವುದರಿಂದ, ಅವರ ಹೆಸರಿನಲ್ಲಿ ಅಂಥ ಅನುಮತಿಯನ್ನು ಯಾರಿಗೂ ಕೊಡಲಾಗದು.